ಮೂಗಿಗಾಗಿ ಬೆಳೆದ ಸೊಪ್ಪು

ಲಕ್ಷ್ಮೀನಾರಾಯಣನನ್ನು ಊಟಕ್ಕೆ ಕರೆಯುವುದೆಂದರೆ ಇಂಗ್ಲೆಂಡಿನ ಡರ್ಬಿಯ ಕನ್ನಡದ ಮನೆಗಳಲ್ಲಿ ಹೆಂಗಸರಿಗೆ ಒಂದು ಸಣ್ಣ ಪರೀಕ್ಷೆ. ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವಾಗಲೇ ಅವನು ಒಮ್ಮೆ ಗಾಳಿ ಮೂಸಿ, "ಬಿಸಿಬೇಳೆ ಬಾತಿಗೆ ಮರಾಠಿ ಮೊಗ್ಗು ಹಾಕಿದೀರಿ. ಆದ್ರೆ ಚಕ್ಕೆ ಸ್ವಲ್ಪ ಸೀದಿದೆ, ಅಲ್ವಾ?" ಎಂದುಬಿಡುತ್ತಿದ್ದ. ಹೇಳಿದ್ದು ಯಾವಾಗಲೂ ನಿಜವಾಗಿರುತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಮನೆಯಲ್ಲಂತೂ ಕೇಳುವುದೇ ಬೇಡ. ಹೆಂಡತಿ ಉಮಾ ಮಾಡಿದ ಸಾರು ತಟ್ಟೆಗೆ ಬೀಳುವ ಮೊದಲೇ ಅದರ ಜಾತಕ ಓದುತ್ತಿದ್ದ. ಇಂಗು ಹಳೆಯದು, ತುಪ್ಪ ಕಾಯುವ ಮೊದಲೇ ಸಾಸಿವೆ ಹಾಕಿದ್ದೀಯ, ಕರಿಬೇವು ಫ್ರಿಜ್ಜಿನಲ್ಲಿ ಬಹಳ ದಿನ ಕೂತಿತ್ತು. ಬೈಯುವ ದನಿಯಲ್ಲ, ಕಾರ್ಖಾನೆಯಲ್ಲಿ ವರದಿ ಒಪ್ಪಿಸುವ ದನಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಉಮಾ ಆ ವರದಿ ಕೇಳಿಸಿಕೊಂಡು, ಮರುದಿನ ತಿದ್ದಿಕೊಂಡು ಸಂಸಾರ ಮಾಡಿದ್ದಳು.

ಅವನ ಕೆಲಸವೂ ಅಂಥದ್ದೇ. ಊರಿನ ದೊಡ್ಡ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ, ಎಂಜಿನ್ ಓಡುವಾಗ ಅದರ ಯಾವ ಭಾಗ ಎಷ್ಟು ನಡುಗುತ್ತದೆ ಎಂದು ಅಳೆಯುವ ವಿಭಾಗ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡಿದ್ದವನು ೧೯೯೭ರಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ಬಂದ. ಎರಡು ವರ್ಷ ಹಾಗೇ ಬೆಳೆಯಿತು, ಲಿಟಲ್‌ಓವರ್ ಬಡಾವಣೆಯಲ್ಲಿ ಮಾರ್ಟ್‌ಗೇಜಿನ ಮನೆಯೂ ಆಯಿತು. ಹನ್ನೆರಡು ವರ್ಷದವಳಾಗಿ ಬಂದಿದ್ದ ಮಗಳು ಗಾನವಿ ಈಗ ಎ ಲೆವೆಲ್, ಅಂದರೆ ಅಲ್ಲಿನ ಪಿಯುಸಿ, ಓದುತ್ತಿದ್ದಳು.

೨೦೦೨ರ ಜನವರಿಯಲ್ಲಿ ಮೂವರಿಗೂ ಫ್ಲೂ ಬಂತು. ತಾಯಿ ಮಗಳು ಬೇಗ ಎದ್ದರು. ಇವನಿಗೆ ಜ್ವರ ಬಿಟ್ಟ ಬೆಳಿಗ್ಗೆ ಉಮಾ ಹಾಸಿಗೆಗೇ ಫಿಲ್ಟರ್ ಕಾಫಿ ತಂದುಕೊಟ್ಟಳು. ಕುಡಿದ. ಬಿಸಿ ಇತ್ತು, ಕಹಿ ಇತ್ತು, ತಳದಲ್ಲಿ ಸಕ್ಕರೆಯ ಸಿಹಿಯೂ ಇತ್ತು. ಕಾಫಿ ಮಾತ್ರ ಇರಲಿಲ್ಲ.

ಮೂಗು ಕಟ್ಟಿದೆ ಎಂದುಕೊಂಡ. ಹಬೆ ತೆಗೆದುಕೊಂಡ. ಮೂಗು ಸಲೀಸಾಗಿ ಉಸಿರಾಡಿತು. ಉಸಿರಿನ ಜೊತೆ ಒಳಗೆ ಬಂದದ್ದು ಗಾಳಿಯೊಂದೇ. ಅಡುಗೆಮನೆಗೆ ಹೋಗಿ ಯಾರೂ ಇಲ್ಲದಾಗ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದ. ಸೀಮೆಸುಣ್ಣದ ಪುಡಿ ಮೂಸಿದಂತಾಯಿತು. ನೀಲಗಿರಿ ಎಣ್ಣೆ ಮೂಸಿದಾಗ ಮೂಗಿನೊಳಗೆ ತಣ್ಣಗೆ ಚುಚ್ಚಿತು, ಅಷ್ಟೇ. ಸಾಬೂನು, ಶೂ ಪಾಲಿಶ್, ತೊಳೆಯಲು ಬಿದ್ದಿದ್ದ ಕಾಲುಚೀಲ, ಒಂದೊಂದನ್ನೂ ಮೂಸಿದ. ಜಗತ್ತನ್ನು ಯಾರೋ ಗಾಜಿನ ಆಚೆ ಇಟ್ಟುಬಿಟ್ಟಿದ್ದರು.

ಯಾರಿಗೂ ಹೇಳಲಿಲ್ಲ. ನಾಳೆ ಬಂದೀತು ಎಂಬ ಆಸೆ ಒಂದು ಕಾರಣ. ಇನ್ನೊಂದು, ಹೇಳುವುದಾದರೂ ಹೇಗೆ? ಕಣ್ಣು ಮಂಜಾಯಿತು ಎಂದರೆ ಜನ ಅಯ್ಯೋ ಎನ್ನುತ್ತಾರೆ. ಲಕ್ಷ್ಮೀನಾರಾಯಣನ ಮೂಗು ಹೋಯಿತು ಎಂದರೆ ನಗುತ್ತಾರೆ, ಅದರಲ್ಲೂ ಚಕ್ಕೆ ಸೀಯಿಸಿ ಮಾತು ಕೇಳಿಸಿಕೊಂಡವರು. ತಟ್ಟೆಯಲ್ಲಿ ಬಿದ್ದದ್ದನ್ನು ತಿಂದು "ಚೆನ್ನಾಗಿದೆ" ಎನ್ನತೊಡಗಿದ. ಪಲ್ಯ ಚೆನ್ನಾಗಿದೆ. ಹುಳಿ ಚೆನ್ನಾಗಿದೆ. ನಿನ್ನೆಯ ಅನ್ನಕ್ಕೆ ಮಾಡಿದ ಚಿತ್ರಾನ್ನವೂ ಚೆನ್ನಾಗಿದೆ.

ಫೆಬ್ರವರಿಯ ಮೊದಲ ಭಾನುವಾರ ಮಧ್ಯಾಹ್ನ ಉಮಾ ಅನ್ನದ ಮೇಲೆ ಸಾರು ಬಡಿಸಿ, ತಾನು ಕೂರದೆ ಪಕ್ಕದಲ್ಲೇ ನಿಂತಳು.

"ಹೇಗಿದೆ?"

"ಚೆನ್ನಾಗಿದೆ."

"ಸರಿಯಾಗಿ ತಿಂದು ಹೇಳಿ."

ಇನ್ನೊಂದು ತುತ್ತು ಹಾಕಿಕೊಂಡ. "ತುಂಬಾ ಚೆನ್ನಾಗಿದೆ ಉಮಾ."

ಉಮಾ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. "ಇದಕ್ಕೆ ಸಾರಿನ ಪುಡಿ ಹಾಕಿಲ್ಲ. ಇಂಗಿಲ್ಲ, ಕರಿಬೇವಿಲ್ಲ, ಒಗ್ಗರಣೆನೇ ಇಲ್ಲ. ಬೇಳೆ ನೀರಿಗೆ ಹುಣಸೆಹಣ್ಣು, ಉಪ್ಪು, ಬೆಲ್ಲ, ಖಾರದ ಪುಡಿ ಹಾಕಿ ಕುದಿಸಿದೀನಿ. ಏನಾಗಿದೆ ನಿಮಗೆ?"

ಗಾನವಿ ತಟ್ಟೆಯಿಂದ ತಲೆಯೆತ್ತಿದಳು. ಲಕ್ಷ್ಮೀನಾರಾಯಣ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಫ್ಲೂ ಬಂದಾಗಿನಿಂದ ವಾಸನೆಯೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

ಉಮಾ ಅಳುತ್ತಾಳೇನೋ ಎಂದುಕೊಂಡಿದ್ದ. ಅವಳಿಗೆ ಬಂದದ್ದು ಸಿಟ್ಟು. ಸಿಟ್ಟು ಬಂದರೆ ಅವಳ ಬಾಯಲ್ಲಿ ಹುಬ್ಬಳ್ಳಿ ಹೊರಗೆ ಬರುತ್ತಿತ್ತು. ಅಲ್ಲಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವಳು ಮದುವೆಯಾಗಿ ಮೈಸೂರಿನ ಮನೆ ಸೇರಿ ಆ ಕಡೆಯ ಮಾತನ್ನೇ ರೂಢಿಸಿಕೊಂಡಿದ್ದಳು.

"ಅಲ್ರೀ, ತಿಂಗಳಾತು! ನಾ ದಿನಾ ಕೊಬ್ರಿ ತುರದು, ಮಸಾಲಿ ಹುರದು ಯಾರಿಗೆ ಮಾಡಿ ಹಾಕ್ಲಿಕ್ಕತ್ತಿದ್ದೆ? ಗ್ವಾಡಿಗೇನು? ನೀವು ಛಲೋ ಆಗೇತಿ ಅಂದಷ್ಟೂ ನನಗ ಹೆದರಿಕಿ. ಇವ್ರಿಗೆ ಕ್ಯಾನ್ಸರ್ ಆಗೇತೇನೋ, ನೌಕರಿ ಹೋಗೇತೇನೋ, ಇನ್ನೊಬ್ಬಾಕಿ ಸಿಕ್ಕಾಳೇನೋ..."

"ಅಮ್ಮ!" ಎಂದಳು ಗಾನವಿ.

"ನೀ ಸುಮ್ನಿರು."

ಮರುದಿನವೇ ಜಿಪಿಗೆ, ಅಂದರೆ ಬಡಾವಣೆಯ ಡಾಕ್ಟರಿಗೆ, ಫೋನು ಹೋಯಿತು. ಜಿಪಿ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ ಆಸ್ಪತ್ರೆಗೆ ಬರೆದುಕೊಟ್ಟ. ಆಸ್ಪತ್ರೆಯ ತಜ್ಞೆ ಸಣ್ಣ ಕ್ಯಾಮೆರಾ ತೂರಿಸಿ ನೋಡಿ, ಮೂಗಿನಲ್ಲಿ ದೋಷವಿಲ್ಲ, ವಾಸನೆಯ ನರಗಳಿಗೆ ವೈರಸ್ಸಿನಿಂದ ಪೆಟ್ಟಾಗಿದೆ ಎಂದಳು. ಕೆಲವರಿಗೆ ವರ್ಷದೊಳಗೆ ಬರುತ್ತದೆ, ಕೆಲವರಿಗೆ ಅರೆಬರೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಔಷಧಿ ಇಲ್ಲ. ಮನೆಯಲ್ಲಿ ಹೊಗೆ ಅಲಾರಂ ಇದೆಯೇ ಎಂದು ಕೇಳಿದಳು. ಗ್ಯಾಸ್ ಒಲೆ ಹಚ್ಚುವಾಗ ಒಬ್ಬನೇ ಇರಬೇಡ ಎಂದಳು. ಐವತ್ತು ದಾಟಿದ ಎಂಜಿನಿಯರ್ ಲಕ್ಷ್ಮೀನಾರಾಯಣ, ಒಲೆಯ ಹತ್ತಿರ ಒಬ್ಬನೇ ಹೋಗಬೇಡ ಎಂದು ಹೇಳಿಸಿಕೊಂಡು ಕಾರ್ ಪಾರ್ಕಿಗೆ ಬಂದ.

ಆದರೆ ಕೈಕಟ್ಟಿ ಕೂರುವ ಆಸಾಮಿ ಅವನಲ್ಲ. ಕಂಪನ ಅಳೆಯುವ ಸೆನ್ಸರ್ ಕೆಟ್ಟರೆ ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ? ಗೊತ್ತಿರುವ ಕಂಪನವನ್ನು ಅದಕ್ಕೆ ಮತ್ತೆ ಮತ್ತೆ ಕೊಟ್ಟು, ಅದು ಏನು ಹೇಳುತ್ತದೆ ನೋಡುತ್ತಾರೆ. ಮೂಗಿಗೂ ಹಾಗೆಯೇ ಮಾಡಿದರಾಯಿತು. ದಿನಾ ಬೆಳಿಗ್ಗೆ ಗೊತ್ತಿರುವ ನಾಲ್ಕೈದು ವಾಸನೆ ಮೂಸಿ, ಇದು ಇಂಥದ್ದು ಎಂದು ಮನಸ್ಸಿಗೆ ಹೇಳಿಕೊಳ್ಳುವುದು. ಮಸಾಲೆ ಡಬ್ಬಿ ತೆಗೆದುಕೊಂಡು ಶುರು ಮಾಡಿದವನನ್ನು ಉಮಾ ನೋಡಿದಳು. ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು.

"ಆ ಪುಡಿಗಳಲ್ಲಿ ಏನಿದೆ? ವಾಸನೆ ಡಬ್ಬದಲ್ಲೇ ಸತ್ತಿರತ್ತೆ. ಹಸಿ ಎಲೆ ಬೇಕು. ಉಜ್ಜಿದ್ರೆ ಕೈಗೆ ಅಂಟೋ ಅಂಥದ್ದು."

"ಈ ಚಳಿಯಲ್ಲಿ ಎಲ್ಲಿಂದ ತರೋದು?"

"ಮನೆ ಒಳಗೇ ಬೆಳೀಬೇಕು."

ಅವನು ಅಲ್ಲಿಯವರೆಗೆ ಒಂದು ತುಳಸಿ ಗಿಡಕ್ಕೂ ನೀರು ಹಾಕಿದವನಲ್ಲ. ಅಡುಗೆಮನೆಯ ಕಿಟಕಿ ದಕ್ಷಿಣಕ್ಕಿತ್ತು, ಇದ್ದಷ್ಟು ಬಿಸಿಲು ಅಲ್ಲೇ ಬೀಳುತ್ತಿತ್ತು. ಅಲ್ಲಿ ಕುಂಡ ಇಟ್ಟರು. ನಾರ್ಮಂಟನ್ ರಸ್ತೆಯ ಅಂಗಡಿಯಿಂದ ತಂದ ಪುದೀನದ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿದರು. ಸ್ವಲ್ಪ ದಿನದಲ್ಲೇ ಬಿಳಿ ಬೇರು ಇಳಿಯಿತು. ಸೂಪರ್‌ಮಾರ್ಕೆಟ್ಟಿನಿಂದ ಕುಂಡದ ಸಮೇತ ತಂದ, ತುಳಸಿಯ ಬಳಗದ ಬೇಸಿಲ್ ವಾರದೊಳಗೆ ಕಪ್ಪಾಗಿ ಮಲಗಿತು. ಎರಡನೆಯ ಸಲ ಕುಂಡ ಬಿಚ್ಚಿ ನೋಡಿದರೆ ಅದು ಒಂದು ಗಿಡವಲ್ಲ, ಒತ್ತಿ ತುಂಬಿದ ಹತ್ತಾರು ಸಸಿ. ಬೇರೆ ಬೇರೆ ಮಾಡಿ ನೆಟ್ಟಮೇಲೆ ಚೇತರಿಸಿಕೊಂಡವು. ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಉಮಾಳ ಸ್ನೇಹಿತೆ ಚಂಪಾ ಇದ್ದಳು. ಅವಳ ಮನೆಯಲ್ಲಿ ದೊಡ್ಡಪತ್ರೆ ಪೊದೆಯಾಗಿ ಬೆಳೆದಿತ್ತು, ಅದರ ಎರಡು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದವು.

ಕೊತ್ತಂಬರಿ ಮಾತ್ರ ಸತಾಯಿಸಿತು. ಅಡುಗೆಮನೆಯ ಬೀಜವನ್ನೇ ಲಕ್ಷ್ಮೀನಾರಾಯಣ ಅಳತೆಪಟ್ಟಿ ಹಿಡಿದು ಸಾಲಾಗಿ ಊರಿದ. ಎರಡು ವಾರ ಮಣ್ಣು ನೋಡುತ್ತ ಕೂತ. ಉಮಾ ಬಂದು, "ಇಡೀ ಬೀಜ ಊರಿದ್ರೆ ಎಲ್ಲಿ ಹುಟ್ಟತ್ತೆ?" ಎಂದು ಒಂದು ಹಿಡಿ ಬೀಜವನ್ನು ಮಣೆಯ ಮೇಲೆ ಹರಡಿ, ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿಕೊಟ್ಟಳು. ಅವು ಹುಟ್ಟಿದವು. ಹುಟ್ಟಿ, ಬೆಳಕಿಗಾಗಿ ಗಾಜಿನ ಕಡೆಗೆ ಕತ್ತು ಚಾಚಿ ಚಾಚಿ, ದಾರದಂತೆ ಉದ್ದವಾಗಿ ಬಿದ್ದುಬಿಟ್ಟವು. ಡರ್ಬಿಯ ಚಳಿಗಾಲದ ಸೂರ್ಯನಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿರಲಿಲ್ಲ.

ಅಲ್ಲಿಂದ ಎಂಜಿನಿಯರ್ ಎದ್ದ. ಮಹಡಿಯ ಮೇಲೆ, ಹಳೆಯ ಸೂಟ್‌ಕೇಸು ತುಂಬಿಟ್ಟಿದ್ದ ಪುಟ್ಟ ಕೋಣೆ ಖಾಲಿಯಾಯಿತು. ಗೋಡೆಗೆ ಹಲಗೆ ಹೊಡೆದು, ಗ್ಯಾರೇಜಿನ ಟ್ಯೂಬ್‌ಲೈಟುಗಳನ್ನು ಸರಪಳಿಯಲ್ಲಿ ಗಿಡದ ನೆತ್ತಿಗೆ ತೀರ ಹತ್ತಿರ ಇಳಿಬಿಟ್ಟ. ಬೆಳಕು ಪೋಲಾಗದಂತೆ ಗೋಡೆಗೆ, ಅರ್ಧ ಕಿಟಕಿಗೆ ಅಡುಗೆಮನೆಯ ಬೆಳ್ಳಿ ಕಾಗದ ಅಂಟಿಸಿದ. ಬೆಳಗಿನ ಜಾವ ಹೊತ್ತಿ ರಾತ್ರಿ ಆರುವಂತೆ ಟೈಮರ್ ಕೂರಿಸಿದ. ನೀರು ಅತಿಯಾಗಿ ಮಣ್ಣಿನಿಂದ ಗುಂಗುರು ಹುಳು ಎದ್ದವು. ಮೇಲೆ ಮರಳು ಹರಡಿದ ಮೇಲೆ ಕಡಿಮೆಯಾದವು. ಮಾರ್ಚ್ ಮುಗಿಯುವ ಹೊತ್ತಿಗೆ ಮತ್ತೆ ಬಿತ್ತಿದ ಕೊತ್ತಂಬರಿ ಗಿಡ್ಡವಾಗಿ, ದಟ್ಟವಾಗಿ, ಊರಿನ ತೋಟದ ಮಡಿಯಲ್ಲಿ ನಿಂತ ಹಾಗೆ ನಿಂತಿತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವನು ಆ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಗಾನವಿ ಒಂದೊಂದು ಎಲೆ ಉಜ್ಜಿ ಮೂಗಿಗೆ ಹಿಡಿಯುತ್ತಿದ್ದಳು.

"ಇದು?"

"ದೊಡ್ಡಪತ್ರೆ."

"ಕರೆಕ್ಟ್! ಅಪ್ಪ, ವಾಸನೆ ಬಂತಾ?"

"ಮೂಗಿಗೆ ತಾಗಿತು. ಎಲೆ ಮೇಲೆ ರೋಮ ಇದೆ."

"ದಟ್ಸ್ ಚೀಟಿಂಗ್, ಅಪ್ಪ."

ಅವಳು ಎಲೆಗಳನ್ನು ಲೋಟದೊಳಗೆ ಹಾಕಿ ಹಿಡಿಯತೊಡಗಿದಳು. ಆಮೇಲೆ ಅವನು ಹೇಳಿದ್ದೆಲ್ಲ ಕುರುಡು ಊಹೆ. ಪುದೀನಕ್ಕೆ ಕೊತ್ತಂಬರಿ ಎನ್ನುವನು, ಖಾಲಿ ಲೋಟಕ್ಕೆ ಬೇಸಿಲ್ ಎನ್ನುವನು. ಮಗಳು ಪ್ರತಿಸಲ, "ಇಟ್ಸ್ ಓಕೆ, ನಾಳೆ ನೋಡೋಣ" ಎನ್ನುವಳು. ಅವಳು ಹಾಗೆನ್ನುವಾಗಿನ ಮೆದುದನಿ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಏಪ್ರಿಲ್‌ನ ಮೊದಲ ಶನಿವಾರ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಪೊಲೀಸ್ ಕಾನ್‌ಸ್ಟೇಬಲ್, ಒಬ್ಬ ಎತ್ತರದ ಹೆಂಗಸು. ತುಂಬ ವಿನಯದಿಂದ, ಮೇಲಿನ ಕೋಣೆಯ ವಿಷಯ ಕೇಳಬೇಕಿತ್ತು ಎಂದಳು. ಕಿಟಕಿಗೆ ಬೆಳ್ಳಿ ಕಾಗದ, ಬೆಳಗಿನ ಜಾವದಿಂದ ರಾತ್ರಿಯವರೆಗೆ ಬಿಳಿ ಬೆಳಕು, ಒಳಗೆ ಗಿಡ. ಯಾರೋ ದಾರಿಹೋಕರು ಹೇಳಿದ್ದಾರೆ. ಲಕ್ಷ್ಮೀನಾರಾಯಣನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಅವನ ಹಿಂದೆ ನಿಂತಿದ್ದ ಗಾನವಿಗೆ ಹೊಳೆದು, "ಓ ಮೈ ಗಾಡ್, ಅಪ್ಪ, ನೀವು ಗಾಂಜಾ ಬೆಳೀತಿದೀರಿ ಅಂದ್ಕೊಂಡಿದಾರೆ!" ಎಂದು ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದಳು.

ಅವನಿಗೆ ನಗು ಬರಲಿಲ್ಲ. ಕಾನ್‌ಸ್ಟೇಬಲಳನ್ನು ಮೇಲೆ ಕರೆದೊಯ್ದು, ಕಾರ್ಖಾನೆಗೆ ಬಂದ ಅತಿಥಿಗೆ ಯಂತ್ರ ತೋರಿಸುವಂತೆ ಕುಂಡ ಕುಂಡವನ್ನೂ ತೋರಿಸಿದ. ಇದು ಕೊತ್ತಂಬರಿ, ಇದು ಪುದೀನ. ಆಕೆ ದೊಡ್ಡಪತ್ರೆಯ ಮುಂದೆ ನಿಂತಳು. ದಪ್ಪ ಎಲೆ, ಅವಳು ಕಂಡಿದ್ದಲ್ಲ. ಮುಟ್ಟಬಹುದೇ ಎಂದು ಕೇಳಿ, ಒಂದು ಎಲೆಯ ತುದಿ ಚಿವುಟಿ ಉಜ್ಜಿ ಮೂಸಿದಳು. ಮುಖ ಅರಳಿತು.

"ಅಯ್ಯೋ, ಇದು ನಮ್ಮಜ್ಜಿಯ ಕ್ರಿಸ್‌ಮಸ್ ವಾಸನೆ! ಕೋಳಿಯ ಹೊಟ್ಟೆಗೆ ತುಂಬುತ್ತಾರಲ್ಲ, ಆ ಮಸಾಲೆ. ನಿಮಗೆ ಹಾಗನ್ನಿಸುವುದಿಲ್ಲವೇ?"

ತನ್ನ ಮನೆಯ ಗಿಡದ ವಾಸನೆ ಹೇಗಿದೆ ಎಂದು ದಾರಿಯಲ್ಲಿ ಬಂದವಳು ಹೇಳುತ್ತಿದ್ದಳು. ಅವನು ತನಗೆ ವಾಸನೆಯೇ ತಿಳಿಯದು, ಇವನ್ನೆಲ್ಲ ಬೆಳೆಸಿರುವುದೇ ಅದಕ್ಕೆ ಎಂದ. ಮನೆಯವರನ್ನೂ ಡಾಕ್ಟರರನ್ನೂ ಬಿಟ್ಟರೆ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಕೆ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಕಿಟಕಿಗೆ ಒರಗಿದಳು. ತನ್ನ ಅಪ್ಪನಿಗೂ ಹೀಗೇ ಶೀತದಲ್ಲಿ ಹೋಯಿತು ಎಂದಳು.

"ಆಮೇಲೆ ಬಂತೇ?"

"ಇಲ್ಲ. ಆರೇಳು ವರ್ಷವಾಯಿತು. ಈಗ ಅಭ್ಯಾಸವಾಗಿದೆ ಅವರಿಗೆ. ಬಿಯರ್ ತಣ್ಣಗಿದ್ದರೆ ಸಾಕು ಅನ್ನುತ್ತಾರೆ."

ಸಮಾಧಾನಕ್ಕೆಂದೇ ಹೇಳಿದ ಮಾತು. ಅವನ ಕಿವಿಯಲ್ಲಿ ಉಳಿದದ್ದು ಆ 'ಇಲ್ಲ' ಮಾತ್ರ. ಮರುದಿನ ಬೆಳಿಗ್ಗೆ ಗಾನವಿ ಲೋಟಗಳನ್ನು ಜೋಡಿಸಿಕೊಂಡು ಕರೆದರೆ, "ಬೇಡ ಬಿಡಮ್ಮ, ನಿನಗೂ ಪರೀಕ್ಷೆ ಹತ್ತಿರ ಬಂತು" ಎಂದ. ಅದರ ಮರುದಿನವೂ ಹೋಗಲಿಲ್ಲ. ಕೋಣೆಯ ಬಾಗಿಲು ಎಳೆದುಕೊಂಡು ಕೆಳಗಿಳಿದು ಕೆಲಸಕ್ಕೆ ಹೋದ. ಸಂಜೆ ಬಂದು ಊಟಕ್ಕೆ ಕೂತರೆ, ಗಾಡಿಗೆ ಪೆಟ್ರೋಲ್ ಹಾಕಿದಂತೆ ಹೊಟ್ಟೆಗೆ ಹಾಕಿಕೊಂಡು ಏಳುತ್ತಿದ್ದ. ಗರಿಗರಿ ಇದ್ದರೆ ಗೊತ್ತಾಗುತ್ತಿತ್ತು, ಹುಳಿ ಖಾರ ಗೊತ್ತಾಗುತ್ತಿತ್ತು. ಹಪ್ಪಳ ಹೆಚ್ಚು ತಿಂದ. ಕನ್ನಡದವರ ಯುಗಾದಿ ಕೂಟಕ್ಕೆ ಹೋಗದೆ ಮೈ ಸರಿಯಿಲ್ಲ ಎಂದು ಹೇಳಿಸಿದ.

ಗಿಡಗಳಿಗೆ ಯಾರು ನೀರು ಹಾಕುತ್ತಿದ್ದಾರೆ ಎಂದು ಯೋಚಿಸಲೇ ಇಲ್ಲ.

ಜೂನ್ ಬಂತು. ಆ ದೇಶದ ಜೂನಿನಲ್ಲಿ ರಾತ್ರಿ ಊಟ ಮುಗಿದರೂ ಹೊರಗೆ ಹಗಲಿರುತ್ತದೆ. ಇನ್ನೇಕೆ ಟ್ಯೂಬ್‌ಲೈಟು, ಗ್ಯಾರೇಜಿಗಾದರೂ ಬೇಕು ಎಂದು ಒಂದು ದಿನ ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೋಗಿ ಬಾಗಿಲು ತೆಗೆದ. ಕೋಣೆ ತುಂಬ ಹಸಿರು. ದೊಡ್ಡಪತ್ರೆ ಹಲಗೆಯಿಂದ ಕೆಳಗೆ ಜೋತಿತ್ತು. ಪುದೀನ ಬಕೆಟ್ಟಿಗೆ ಬಡ್ತಿ ಪಡೆದಿತ್ತು. ಅವನು ಎಂದೂ ನೆಡದ ಮೆಂತ್ಯ ಒಂದು ಟ್ರೇಯಲ್ಲಿ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಐಸ್‌ಕ್ರೀಮ್ ಡಬ್ಬಗಳು, ಅವುಗಳಲ್ಲಿ ಈರುಳ್ಳಿ ಸೊಪ್ಪಿನಂತೆ, ಆದರೆ ಚಪ್ಪಟೆಯಾಗಿ ನೆಟ್ಟಗೆ ನಿಂತ ಎಲೆಗಳು. ಕೆಲವನ್ನು ಕತ್ತರಿಯಿಂದ ಕತ್ತರಿಸಿದ ಗುರುತು. ಕತ್ತರಿಸಿದ ಕಡೆ ಮತ್ತೆ ಚಿಗುರು.

"ಉಮಾ, ಇದೇನು ಇದು?"

ಉಮಾ ಮೆಟ್ಟಿಲು ಹತ್ತಿ ಬಂದಳು. ಕೈ ಸೆರಗಿಗೆ ಒರೆಸಿಕೊಂಡಳು. "ಬೆಳ್ಳುಳ್ಳಿ."

ಆ ಮನೆಗೆ ಅಲ್ಲಿಯವರೆಗೆ ಬೆಳ್ಳುಳ್ಳಿ ಬಂದದ್ದೇ ಇರಲಿಲ್ಲ. ಮೈಸೂರಿನ ಅವನ ತಾಯಿಯ ಅಡುಗೆಮನೆಯಲ್ಲಿ ಅದು ನಿಷಿದ್ಧವಾಗಿತ್ತು. ಅವನಿಗೆ ಮಡಿಯ ಯೋಚನೆ ಇಲ್ಲದಿದ್ದರೂ ಆ ವಾಸನೆ ಮಾತ್ರ ಆಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಹುರಿದರೆ ಇಲ್ಲಿ ಕಿಟಕಿ ಮುಚ್ಚುವವನು. ಮದುವೆಯಾದ ಹೊಸದರಲ್ಲಿ ಉಮಾ ಒಮ್ಮೆ ಚಟ್ನಿಗೆ ಒಂದು ಎಸಳು ಹಾಕಿದ್ದಕ್ಕೆ ತಟ್ಟೆ ಬಿಟ್ಟು ಎದ್ದಿದ್ದ. ಅದು ಅವನಿಗೆ ಮರೆತೇಹೋಗಿತ್ತು. ಅವಳಿಗೆ ಮರೆತಿರಲಿಲ್ಲ.

"ಯಾವಾಗಿಂದ?"

"ಏಪ್ರಿಲ್‌ನಿಂದ. ನೀವು ಸೊಪ್ಪು ಮೂಸೋದು ಬಿಟ್ರಲ್ಲ, ಅವಾಗಿಂದ." ಅವಳು ಒಂದು ಡಬ್ಬವನ್ನು ಬೆಳಕಿನ ಕಡೆ ತಿರುಗಿಸಿಟ್ಟಳು. "ನಿನ್ನೆ ತಿಂದ್ರಲ್ಲ ಕಡ್ಲೆಹಿಟ್ಟಿನ ಝುಣಕ, ಅದರಲ್ಲೂ ಇತ್ತು. ಮೊನ್ನೆ ಬದನೇಕಾಯಿಯಲ್ಲೂ. ಗಾನವಿಗೆ ಗೊತ್ತು. ಅವಳಿಗೆ ಭಾಳ ಸೇರತ್ತೆ."

"ಹೇಳಬಾರದಿತ್ತಾ?"

"ನೀವು ಹೇಳಿದ್ರಾ?"

ಉಮಾ ಮೆಂತ್ಯದ ಟ್ರೇಯಲ್ಲಿ ಒಣಗಿದ ಎಲೆ ಆರಿಸುತ್ತ, ಅವನ ಮುಖ ನೋಡದೆ ಮಾತಾಡಿದಳು. "ನಮ್ಮವ್ವ ರೊಟ್ಟಿ ಜೋಡಿ ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ ಕುಟ್ಟಿ ಖಾರ ಮಾಡ್ತಿದ್ಳು. ಅದರ ರುಚಿನೇ ನನಗ ಮರತು ಹೋಗಿತ್ತು. ನಿಮ್ಮ ಮೂಗಿಗೆ ತಪ್ಪು ಸಿಗಬಾರದು ಅಂತ ಇಷ್ಟು ವರ್ಷ ನಿಮ್ಮವ್ವನ ಅಡಿಗಿ ಮಾಡಿದೆ. ಛಲೋನೇ ಮಾಡಿದೆ. ಮೂಗು ಹೋದ್ ಮ್ಯಾಲೆ ಒಂದಿನ ಕುಂತು ಯೋಚನೆ ಮಾಡಿದ್ನಿ, ನನಗೇನು ಬೇಕು ಅಂತ. ಒಂದು ಗಡ್ಡಿ ಬಳ್ಳೊಳ್ಳಿ ತಂದು ಮಣ್ಣಾಗ ಹಚ್ಚಿದ್ನಿ."

ಲಕ್ಷ್ಮೀನಾರಾಯಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ಮೋಸ ಹೋದೆ ಎಂದು ಸಿಟ್ಟು ಬರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. ಇಷ್ಟು ವರ್ಷ ಅವಳಿಗೇನು ಇಷ್ಟ ಎಂದು ಒಮ್ಮೆಯೂ ಕೇಳಿರಲಿಲ್ಲ ಎನ್ನುವುದು ಮಾತ್ರ ಸಿಕ್ಕಿತು. ಟ್ಯೂಬ್‌ಲೈಟು ಬಿಚ್ಚಲಿಲ್ಲ. ಅಂದಿನಿಂದ ಗಿಡಗಳಿಗೆ ನೀರು ಹಾಕುವ ಕೆಲಸ ಮತ್ತೆ ಅವನದಾಯಿತು. ಮೂಸುವುದಕ್ಕಲ್ಲ, ಸುಮ್ಮನೆ. ಕೊತ್ತಂಬರಿ ಹೂ ಬಿಡುವ ಮೊದಲು ಕೊಯ್ಯಬೇಕು, ಪುದೀನದ ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ ಎಂದು ಉಮಾ ತೋರಿಸಿಕೊಟ್ಟಳು. ಕೊಯ್ದದ್ದನ್ನು ಅಡುಗೆಮನೆಗೆ ಒಯ್ದವನು ಹೆಚ್ಚಿಯೂ ಕೊಡುತ್ತಿದ್ದ.

ಆಗಸ್ಟಿನ ಒಂದು ಬೆಳಿಗ್ಗೆ ಅವನು ಅಡುಗೆಮನೆಗೆ ಬಂದು, "ಏನೋ ರಬ್ಬರ್ ಸುಡ್ತಿದೆ, ಒಲೆ ಆರಿಸು!" ಎಂದು ಕೂಗಿದ. ಒಲೆಯ ಮೇಲೆ ಏನೂ ಇರಲಿಲ್ಲ. ಉಮಾ ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಫಿಲ್ಟರಿನ ಮೇಲೆ ಬಗ್ಗಿ ಉಸಿರೆಳೆದ. ಟೈರು ಸುಟ್ಟ ವಾಸನೆ. ಹಿತ್ತಲಿಗೆ ಓಡಿಹೋಗಿ ನಿಂತ. ಕಣ್ಣಲ್ಲಿ ನೀರು ಬಂದಿತ್ತು, ವಾಂತಿಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

ಕೊತ್ತಂಬರಿ ಸೀಮೆಎಣ್ಣೆಯಾಗಿತ್ತು. ಈರುಳ್ಳಿ ಹುರಿದರೆ ಪ್ಲಾಸ್ಟಿಕ್. ಟೂತ್‌ಪೇಸ್ಟ್ ಬದಲಿಸಿ ಬದಲಿಸಿ ಕೊನೆಗೆ ಉಪ್ಪಿನಲ್ಲಿ ಹಲ್ಲುಜ್ಜಿದ. ಜಿಪಿ ಇದು ಒಳ್ಳೆಯ ಲಕ್ಷಣವೇ, ನರಗಳು ಮತ್ತೆ ಕೂಡಿಕೊಳ್ಳುವಾಗ ತಂತಿಗಳು ಅದಲು ಬದಲಾಗುತ್ತವೆ ಎಂದ. ಒಳ್ಳೆಯ ಲಕ್ಷಣ ಅನುಭವಿಸಲು ಮಾತ್ರ ಕೆಟ್ಟದಾಗಿತ್ತು. ಏನೂ ಇಲ್ಲದಾಗ ಊಟ ಮಾಡಲಾಗುತ್ತಿತ್ತು. ಈಗ ಅದೂ ಆಗದೆ ಬರೀ ಮೊಸರನ್ನದ ಮೇಲೆ ದಿನ ತಳ್ಳಿ ಬಟ್ಟೆ ಸಡಿಲವಾಯಿತು. ಮೂಸುವ ಕ್ರಮವನ್ನು ಮತ್ತೆ ಶುರು ಮಾಡಿದ. ಸೆಪ್ಟೆಂಬರಿನಲ್ಲಿ ಗಾನವಿ ಹಡರ್ಸ್‌ಫೀಲ್ಡಿಗೆ ಓದಲು ಹೋದಳು, ಹೋಗುವಾಗ ತನ್ನ ಕೋಣೆಗೆಂದು ಬೆಳ್ಳುಳ್ಳಿಯ ಒಂದು ಡಬ್ಬ ಒಯ್ದಳು. ಬೆಳಿಗ್ಗೆ ಲೋಟ ಹಿಡಿಯುವ ಕೆಲಸ ಉಮಾಳ ಪಾಲಿಗೆ ಬಂತು. ಅವಳು ಮಗಳಂತೆ ಸಮಾಧಾನ ಹೇಳುತ್ತಿರಲಿಲ್ಲ. "ತಪ್ಪು" ಎಂದು ಮುಂದಿನ ಲೋಟ ಹಿಡಿಯುತ್ತಿದ್ದಳು. ಅವನಿಗೆ ಅದೇ ಹಿತವಾಗಿತ್ತು.

ಪುದೀನ ಮೊದಲು ಬಂತು, ದೂರದಲ್ಲಿ ಯಾರೋ ಬಾಗಿಲು ತೆರೆದಂತೆ. ಆಮೇಲೆ ಒಂದು ಭಾನುವಾರ, ಅಕ್ಟೋಬರಿನಲ್ಲಿ, ಅವನು ಊಟದ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಾಗ ಒಲೆಯ ಕಡೆಯಿಂದ ಬೆಳ್ಳುಳ್ಳಿ ಬಂತು. ರಬ್ಬರೂ ಅಲ್ಲ, ಸೀಮೆಎಣ್ಣೆಯೂ ಅಲ್ಲ. ಕಾದ ಎಣ್ಣೆಯಲ್ಲಿ ಕೆಂಪಗಾಗುತ್ತಿರುವ ಬೆಳ್ಳುಳ್ಳಿ, ತನ್ನ ಪೂರ್ತಿ ಗಾತ್ರದಲ್ಲಿ, ಮೊದಲು ಹೇಗಿತ್ತೋ ಹಾಗೆಯೇ. ಮತ್ತು ಮೊದಲಿನ ಹಾಗೆಯೇ ಅವನಿಗೆ ಅದು ಸೇರಲಿಲ್ಲ.

ಉಮಾ ಅವನಿಗೆ ಬೆನ್ನು ಹಾಕಿ ನಿಂತು, ಏನೋ ಗುನುಗುತ್ತ, ಬಾಣಲೆಯ ಮೇಲೆ ಬಗ್ಗಿ ಆ ಹಬೆಯನ್ನು ಎಳೆದುಕೊಳ್ಳುತ್ತಿದ್ದಳು. ಲಕ್ಷ್ಮೀನಾರಾಯಣ ಏನೂ ಹೇಳದೆ ಕೂತು ತಿಂದ. ಮರುದಿನವೂ ಹೇಳಲಿಲ್ಲ. ಬೆಳಿಗ್ಗೆ ಮೂಸುವ ಲೋಟಗಳಲ್ಲಿ ಬೆಳ್ಳುಳ್ಳಿ ಇರುತ್ತಿರಲಿಲ್ಲವಾದ್ದರಿಂದ ಅವಳಿಗೆ ತಿಳಿಯುವಂತಿರಲಿಲ್ಲ. ಹೇಳಿದರೆ ಅವಳು ಡಬ್ಬಗಳನ್ನು ಎತ್ತಿಬಿಡುತ್ತಾಳೆ, ಅದು ಅವನಿಗೆ ಗೊತ್ತಿತ್ತು. ಹೇಳದೆ ಇದ್ದರೆ ಮತ್ತೆ ಹಳೆಯ ಕಳ್ಳಾಟ. ವಾರವಿಡೀ ಹೀಗೇ ಹೊಯ್ದಾಡಿ, ಶನಿವಾರ ಬೆಳಿಗ್ಗೆ ಇಬ್ಬರೂ ಆ ಕೋಣೆಯಲ್ಲಿ ಚಳಿಗಾಲಕ್ಕೆಂದು ಹೊಸ ಮಣ್ಣಿಗೆ ಎಸಳು ಊರುತ್ತಿದ್ದಾಗ, ಕೈಯಲ್ಲಿದ್ದ ಎಸಳು ಮೂಗಿನ ಹತ್ತಿರ ಹಿಡಿದು ಹೇಳಿಬಿಟ್ಟ.

"ಉಮಾ, ಇದರ ವಾಸನೆ ಬರ್ತಿದೆ ನನಗೆ."

ಉಮಾ ಮಣ್ಣಿನಿಂದ ಕೈ ತೆಗೆದಳು. "ನಿಜ?"

"ಸರಿಯಾಗಿ ಬರ್ತಿದೆ. ಒಂದು ವಾರದಿಂದ."

ಅವಳ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. ಅದನ್ನು ಅವನು ಕಣ್ಣಾರೆ ಕಂಡ. ಹಿಂದೆಯೇ ಇನ್ನೊಂದು ಯೋಚನೆ ಬಂದು, ಅವಳು ಸಾಲಾಗಿಟ್ಟ ಡಬ್ಬಗಳನ್ನು ನೋಡಿದಳು.

"ಹಂಗಾದ್ರ ಇವನ್ನ..."

"ಬೇಡ. ಇರಲಿ."

"ಸೇರತ್ತಾ ಈಗ?"

ಸುಳ್ಳು ಹೇಳುವುದು ಸುಲಭವಾಗಿತ್ತು. "ಇಲ್ಲ," ಎಂದ. "ಸೇರಲ್ಲ. ಮೊದಲಿನ ಹಾಗೇ ಇದೆ. ಆದ್ರೆ ನೀನು ಮಾಡು. ವಾರದಲ್ಲಿ ನಾಲ್ಕು ದಿನ ನಿನ್ನ ಅಡುಗೆ ಆಗಲಿ, ನಾನು ಕಿಟಕಿ ತೆಗೆದು ಕೂತು ತಿಂತೀನಿ."

"ಡಿಸೆಂಬರ್‌ನಾಗೂ?"

"ಸ್ವೆಟರ್ ಹಾಕ್ಕೋತೀನಿ."

ಉಮಾ ನಗತೊಡಗಿದಳು. ಮಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, "ನಾಕು ದಿನ ಬ್ಯಾಡ್ರಿ, ಮೂರು ಸಾಕು. ನನಗೂ ನಿಮ್ಮವ್ವನ ಸಾರು ಬೇಕಾಗ್ತದ" ಎಂದಳು.

ಹಾಗೇ ನಡೆಯಿತು. ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ ಅವನಿಗೆ ಪುದೀನ, ಬೇಸಿಲ್, ಇಂಗು ಬಹುಮಟ್ಟಿಗೆ ಬಂದವು; ದೊಡ್ಡಪತ್ರೆ ಬಿಟ್ಟು ಬಿಟ್ಟು ಬರುತ್ತಿತ್ತು. ಕೊತ್ತಂಬರಿ ಸೀಮೆಎಣ್ಣೆಯಾಗಿಯೇ ಉಳಿಯಿತು, ಅದನ್ನು ಉಮಾ ತನ್ನ ತಟ್ಟೆಗೆ ಮಾತ್ರ ಉದುರಿಸಿಕೊಳ್ಳುತ್ತಿದ್ದಳು. ಕಾಫಿ ಬರಲೇ ಇಲ್ಲ, ಮನೆಯಲ್ಲಿ ಇಳಿಸಿದರೆ ಅವನಿಗೆ ಸುಟ್ಟ ರಬ್ಬರಿನ ವಾಸನೆಯೇ. ಒಂದು ವರ್ಷ ಕಾದು, ಫಿಲ್ಟರನ್ನು ಚಂಪಾಳಿಗೆ ಕೊಟ್ಟು ಅವನು ಟೀ ಹಿಡಿದ. ಕಾಫಿ ಬೇಕೆನಿಸಿದಾಗ ಉಮಾ ಚಂಪಾಳ ಮನೆಗೆ ಹೋಗುತ್ತಿದ್ದಳು, ಲೆಮಿಂಗ್ಟನ್ನಿನವರೆಗೆ ಅವನೇ ಕಾರು ಓಡಿಸುತ್ತಿದ್ದ. ಅವರಿಬ್ಬರೂ ಒಳಗೆ ಕಾಫಿ ಕುಡಿಯುವಷ್ಟು ಹೊತ್ತು ಅವನು ಚಂಪಾಳ ಹಿತ್ತಲಿನಲ್ಲಿ, ಅವಳ ಗಂಡ ಗಾಜಿನ ಮನೆಯಲ್ಲಿ ಹೊಸದಾಗಿ ಹಾಕಿದ್ದ ಕರಿಬೇವು ಏಕೆ ಎಲೆ ಉದುರಿಸುತ್ತಿದೆ ಎಂದು ಮಣ್ಣು ಕೆದಕಿ ನೋಡುತ್ತಿದ್ದ.